ಕೊಪ್ಪಳ ಕಾಯಲಿ

ಪ್ರತಿದಿನದ ಹಾಗೆ ಅಂದೂ ಬೆಳಿಗ್ಗೆ ದಾಕ್ಷಾಯಿಣಿಯ ಫೋನಿಗೆ ಔಷಧಿ ಕಂಪನಿಯ ಪ್ರಶ್ನೆ ಬಂತು. ಜ್ವರ ಹಬ್ಬಿದ ಯಾವ ಊರಿಗೆ ಔಷಧಿ ಯಾವಾಗ ಕಳಿಸಬೇಕೆಂದು ಮತ ಹಾಕುವುದು ಷೇರುದಾರರ ಹಕ್ಕು. ಕಾಯಿಸಿದಷ್ಟೂ ಜ್ವರ ಹರಡುತ್ತದೆ, ಷೇರಿನ ಬೆಲೆ ಏರುತ್ತದೆ. ಗದಗಿನಲ್ಲಿ ಒಬ್ಬಳೇ ಇದ್ದ ಈ ನಿವೃತ್ತ ಟೈಪಿಂಗ್ ಟೀಚರು ತನ್ನಲ್ಲಿದ್ದುದನ್ನೆಲ್ಲ ಆ ಷೇರಿಗೇ ಹಾಕಿದ್ದಳು. ಚಹಾ ಕುಡಿಯುತ್ತಲೇ ಎಷ್ಟೋ ಊರುಗಳಿಗೆ ‘ಕಾಯಲಿ’ ಎಂದು ಒತ್ತಿದ್ದಳು.

ಅಂದು ಬಂದ ಊರು ಕೊಪ್ಪಳ. ಅಲ್ಲಿ ಅವಳ ತಂಗಿ ಸುವರ್ಣಾ ಇದ್ದಳು. ದಾಕ್ಷಾಯಿಣಿ ‘ಈಗಲೇ’ ಎಂದು ಒತ್ತಿದಳು. ಮಧ್ಯಾಹ್ನ ಫಲಿತಾಂಶ ಬಂತು. ಕೊಪ್ಪಳ ಕಾಯಬೇಕಾಗಿತ್ತು. ಷೇರು ಏರಿತು.

ಅವಳು ತಂಗಿಗೆ ಫೋನ್ ಮಾಡಿದಳು.

“ಜ್ವರ ಬಂದಾವೇನ, ಸುವರ್ಣಾ?”

“ನಿನ್ನೆಯಿಂದ ಮೈ ಸುಡಾಕತ್ತೈತಿ, ಅಕ್ಕಾ.”

“ನಾ ಈಗಲೇ ಕಳಸ್ರಿ ಅಂತ ಒತ್ತೀನಿ. ಉಳಿದವರು ಒಪ್ಪಲಿಲ್ಲ.”

ಸುವರ್ಣಾ ಕೆಮ್ಮಿದಳು. “ನನ್ನ ಕಡೇನೂ ಒಂದೀಟು ಷೇರು ಅದಾವ. ನಾ ಮುಂಜಾನೆ ‘ಕಾಯಲಿ’ ಅಂತ ಒತ್ತೀನಿ.”

“ಯಾಕ, ಹುಚ್ಚಿ?”

“ನೀ ಎಲ್ಲಾ ಅದಕ್ಕ ಹಾಕಿ ಕುಂತಿ. ಬೆಲೆ ಬಿದ್ರ ನಿನ್ನ ನೋಡಾವ್ರು ಯಾರು?”

ದಾಕ್ಷಾಯಿಣಿ ಎದ್ದು ಚಪ್ಪಲಿ ಮೆಟ್ಟಿದಳು. ಹೋಗೋಣವೆಂದರೆ ಕೊಪ್ಪಳದ ರಸ್ತೆಯನ್ನು ಮುಚ್ಚಿದ್ದರು.

“ಫೋನ್ ಇಡಬ್ಯಾಡ,” ಎಂದಳು ಕೊನೆಗೆ. “ಬಾಜೂಕ ಇಟ್ಕೊಂಡು ಮಲಕ್ಕೊ.”

ತಂಗಿಗೆ ನಿದ್ದೆ ಹತ್ತಿತು. ದಾಕ್ಷಾಯಿಣಿ ಅವಳ ಉಸಿರನ್ನು ಕೇಳುತ್ತ ಕುಳಿತಳು. ಅತ್ತ ಕೆಮ್ಮು ಕೇಳಿದಾಗಲೆಲ್ಲ ಇತ್ತ ಖಾಲಿ ಮನೆಯಲ್ಲಿ, “ಇಲ್ಲೇ ಅದೀನಿ,” ಎನ್ನುತ್ತಿದ್ದಳು.