ಟವೆಲ್ಲಿನ ಕೆಳಗೆ ಒಂದು ಕೆಂಪು ಮುದ್ದೆ

"ಅಬ್ಬಾಜಾನ್, ಬೆರಳ ಸ್ವಲ್ಪ ಆಡಿಸ್ರಿ! ಕ್ಯಾಮೆರಾ ಕೆಟ್ಟೈತೇನ ನೋಡ್ತೀನಿ," ಎಂದು ಫರಹೀನ ಕೂಗಿದಾಗ ಏಕಸಂಬಿಯ ದನದ ಸಂತೆಯಲ್ಲಿ ಅವಳಪ್ಪ, ವ್ಯಾಪಾರಿ ದಾವಲಸಾಬ, ಬೆಚ್ಚಿಬಿದ್ದ.

ಅವನ ಬಲಗೈ ಟವೆಲ್ ಕೆಳಗಿತ್ತು. ಎಮ್ಮೆ ಮಾರಲು ಬಂದ ಕಾಮಣ್ಣನ ಕೈಯೂ ಅಲ್ಲೇ ಇತ್ತು. ಬಟ್ಟೆಯಡಿ ಬೆರಳು ಹಿಡಿದೇ ದರ ಹೇಳಬೇಕು, ಸುತ್ತ ನಿಂತವರಿಗೆ ಸುಳಿವು ಸಿಗಬಾರದು. ಉಳಿದವರದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಮುಗಿಯುತ್ತದೆ. ಇವರಿಬ್ಬರದು ಹೋದ ಸಂತೆಯಲ್ಲೂ ಕುದುರಿರಲಿಲ್ಲ, ಅದರ ಹಿಂದಿನದರಲ್ಲೂ ಇಲ್ಲ.

ಕಾಮಣ್ಣನ ಹೆಂಡತಿ ಭೀಮಾಬಾಯಿಗೆ ಸಾಕುಸಾಕಾಗಿತ್ತು. ಹಾಲು ಹಿಂಡಲು ಕೂತಾಗಲೆಲ್ಲ ಆ ಎಮ್ಮೆ ಅವಳನ್ನು ಒದೆಯುತ್ತಿತ್ತು. ಇವತ್ತು ಅದನ್ನು ಮಾರಲೇಬೇಕು, ಇಲ್ಲವಾದರೆ ತಾನು ಅಂಕಲಿ ಊರಿನ ತವರಿಗೆ ಹೋಗುವವಳೇ ಎಂದು ಹೇಳಿ ಜೊತೆಗೇ ಬಂದಿದ್ದಳು.

ಫರಹೀನ ಡಿಪ್ಲೊಮಾ ಓದುವ ಹುಡುಗಿ. ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಶಾಖ ಗುರುತಿಸುವ ಸೆನ್ಸರ್ ಜೋಡಿಸಿ, ಟಿಫಿನ್ ಡಬ್ಬಿಯಲ್ಲಿ ಕೂರಿಸಿ, ಕ್ಯಾಮೆರಾ ಮಾಡಿಕೊಂಡಿದ್ದಳು. ಬಿಸಿ ಇದ್ದದ್ದು ಕೆಂಪು, ತಣ್ಣಗಿದ್ದದ್ದು ನೀಲಿ. ಅಪ್ಪ ಕೊಳ್ಳುವ ಎಮ್ಮೆಗೆ ಕೆಚ್ಚಲು ಬಾವು ಇದೆಯೇ ನೋಡಲೆಂದು ತಂದವಳು ಸುಮ್ಮನಿರಬಾರದೇ? ಟವೆಲ್ಲಿಗೇ ಹಿಡಿದಳು. ತೆಳು ಬಟ್ಟೆ ಕೈಗಂಟಿ ಬಿಸಿಯಾಗಿತ್ತು. ಪರದೆಯ ಮೇಲೆ ಒಂದೇ ಒಂದು ಕೆಂಪು ಮುದ್ದೆ, ಮಿಸುಕುತ್ತಲೂ ಇರಲಿಲ್ಲ.

ಭೀಮಾಬಾಯಿ ಬಗ್ಗಿ ನೋಡಿದಳು. "ಇದೇನ ಫರಹೀನಾ, ಬೆರಳ ಯಾಕ ಆಡಿಸವಲ್ರು?"

"ದರಾ ಹೇಳಾಕತ್ತಿಲ್ರಿ ಮಾವಶಿ. ಬರೇ ಕೈ ಹಿಡ್ಕೊಂಡ ಕುಂತಾರ."

ದಾವಲಸಾಬ ತಡೆಯದಾದ. "ನಂದೇನೂ ತಪ್ಪಿಲ್ರಿ ವೈನಿ! ನಾ ಬೆರಳ ಹಿಡಿಯಾಕ ಹೋದ್ರ ಇಂವಾ ಇಡೀ ಕೈನ ಹಿಡದ ಬಿಡವಲ್ಲ. 'ತಗೋಬ್ಯಾಡೋ ಸಾಬ, ಅದನ್ನ ಬಿಟ್ಟ ನನಗ ಇರಾಕ ಆಗೂದಿಲ್ಲ' ಅಂತ ಕಿವ್ಯಾಗ ಗೋಗರೀತಾನ. ನನ್ನ ಕೈ ಜೋಮ ಹಿಡದೈತ್ರಿ!"

ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಮಣ್ಣ ಎಮ್ಮೆಯ ಮರೆಗೆ ಸರಿದು ಅದರ ಬೆನ್ನು ಸವರತೊಡಗಿದ. ಪಾಪ, ಅಳುವುದೊಂದೇ ಬಾಕಿ.

ಭೀಮಾಬಾಯಿ ಗಂಡನನ್ನು ನೋಡಿದಳು, ಎಮ್ಮೆಯನ್ನು ನೋಡಿದಳು. ಹಗ್ಗ ಬಿಚ್ಚಿ ಅವನ ಕೈಗೆ ತುರುಕಿದಳು.

"ನಡೀರಿ ಮನೀಗೆ. ನಾಳಿಂದ ಹಾಲ ನೀವ ಹಿಂಡ್ರಿ, ನೀವ ಒದಿಸ್ಕೋರಿ."

ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಲಗ್ನದಾಗ ಎಲ್ಲಾರೂ ಹೇಳಿದ್ರಂತ ಒಮ್ಮಿ ನನ್ನ ಕೈ ಹಿಡದಿದ್ರಿ. ಅದೂ ಇಷ್ಟ ಗಟ್ಟಿ ಹಿಡದಿದ್ದಿಲ್ಲ ಬಿಡ್ರಿ."