ನಾಲ್ಕು ಚೂರು

ಆ ಬೆಳಿಗ್ಗೆ ಹತ್ತಿಮತ್ತೂರಿನ ಮೇಲೆ ಮಂಜು ದಟ್ಟವಾಗಿ ಕುಳಿತಿತ್ತು. ಡಾಕ್ಟರ್ ಲೀಲಾವತಿ ಹೊಸ್ತಿಲಲ್ಲಿ ಬಂದು ನಿಂತದ್ದು ಭರಮವ್ವನಿಗೆ ತಿಳಿಯಲಿಲ್ಲ. ದೇವರ ಮುಂದೆ ಕುಳಿತ ಆಕೆ, ಮಗ ಹೂವಪ್ಪನ ಕ್ಷಯದ ಗುಳಿಗೆಯನ್ನು ಅಡಕತ್ತರಿಯಿಂದ ನಾಲ್ಕು ಚೂರು ಮಾಡಿ ಮಗನಿಗೆ, ಸೊಸೆಗೆ, ಮೊಮ್ಮಗಳಿಗೆ ಪ್ರಸಾದದಂತೆ ಹಂಚಿದಳು. ಉಳಿದ ಚೂರು ಆಕೆಯದು.

ಐದು ತಿಂಗಳು ಔಷಧಿ ಕೊಟ್ಟರೂ ಹೂವಪ್ಪನ ಕೆಮ್ಮಿನಲ್ಲಿ ರಕ್ತ ಏಕೆ ನಿಂತಿಲ್ಲವೆಂದು ನೋಡಲು ಬಂದಿದ್ದ ಡಾಕ್ಟರ್ ಹೊಸ್ತಿಲು ದಾಟಿ ಒಳಗೆ ಬಂದಳು.

"ಇದೇನ್ ಮಾಡಾಕತ್ತೀಯವ್ವಾ?"

"ಬರ್ರಿ ಡಾಕ್ಟರ್ ಬಾಯಾರ, ಕುಂದರ್ರಿ. ಈ ಬ್ಯಾನಿ ಮನಿಮಂದಿಗೆಲ್ಲಾ ಹತ್ತತೈತಿ ಅಂತ ನೀವ ಹೇಳಿದ್ರಲ್ಲ? ಅದಕ್ಕ ಎಲ್ಲಾರೂ ತಗೊಳ್ಳಾಕತ್ತೇವಿ. ಒಂದ ದಿನಾನೂ ತಪ್ಪಿಸಿಲ್ರಿ."

ಆ ಮಾತು ತನ್ನದೇ. ಗುಳಿಗೆ ಅವನೊಬ್ಬನಿಗೆ ಎಂದು ಹೇಳದೆ ಹೋದವಳೂ ತಾನೇ. ಲೀಲಾವತಿ ಭರಮವ್ವನ ಎದುರಿಗೆ ಕುಳಿತಳು.

"ಅದು ಪೂರಾ ಅವನ ಪಾಲಿಂದವ್ವಾ. ಚೂರು ತಿಂದ್ರ ಬ್ಯಾನಿ ಸಾಯೂದಿಲ್ಲ. ನಿನ್ ಮಗಾ ಸಾಯ್ತಾನ."

ಭರಮವ್ವ ಸೊಸೆಯ ಕೈಯಿಂದ, ಮೊಮ್ಮಗಳ ಕೈಯಿಂದ ಚೂರು ತೆಗೆದುಕೊಂಡು, ತನ್ನದನ್ನೂ ಸೇರಿಸಿ, ಮಗನ ಅಂಗೈಯಲ್ಲಿ ಇಟ್ಟಳು.