ರೈಫಲಿಗೆ ಹಾಕಿದ ನೆಣ

“ಸಾಹೇಬ್ರೇ, ಮುಟ್ಟಬೇಡಿ!”

ಕೋವಿ ರಿಪೇರಿಯ ಇಬ್ರಾಹಿಂ ಖಲೀಲನ ಕೈ ರೈಫಲಿನಿಂದ ಒಂದು ಗೇಣು ದೂರದಲ್ಲೇ ನಿಂತಿತು. ಗೋಣಿ ಬಿಚ್ಚಿ ಅದನ್ನು ಮೇಜಿನ ಮೇಲೆ ಇಟ್ಟವನೂ ಲೋಕಯ್ಯ, ಕೂಗಿದವನೂ ಲೋಕಯ್ಯ. ಹತ್ತು ವರ್ಷಗಳಿಂದ ಆದಿರಾಜ ಧಣಿಗಳ ಮನೆಯಲ್ಲಿ ಆ ರೈಫಲನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಧಣಿಗಳು ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು, ಜೇಬಿನೊಳಗಿನ ಐದು ತೋಟೆಗಳನ್ನು ತಡವುತ್ತಿದ್ದರು.

ಆ ತೋಟೆಗಳು ಯಾರಿಗೆಂದು ಬಂಟ್ವಾಳದಿಂದ ಮೆಲ್ಕಾರಿನವರೆಗೆ ಎಲ್ಲರಿಗೂ ಗೊತ್ತಿತ್ತು. ನರಿಕೊಂಬಿನ ಹೊಳೆಬದಿಯ ಗದ್ದೆ ಕೋರ್ಟಿನ ತೀರ್ಪಿನಂತೆ ಅವರ ತಂಗಿಯ ಮಗ ಭರತರಾಜನ ಪಾಲಿಗೆ ಹೋಗಿತ್ತು. ನಾಳೆ ಬೆಳಿಗ್ಗೆ ಅವನು ಪೈರು ಕೊಯ್ಯಲು ಇಳಿಯುವವನಿದ್ದ. ಇಳಿದರೆ ಗುಂಡು ಹಾರಿಸುತ್ತೇನೆಂದು ಧಣಿಗಳು ಬಸದಿಯ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ. ಸೂರ್ಯ ಮುಳುಗಿದ ಮೇಲೆ ಉಣ್ಣದವರು, ಗೆಡ್ಡೆ ಗೆಣಸು ತಿನ್ನದವರು, ಇರುವೆ ಕಂಡರೆ ಕಾಲು ಬದಿಗೆ ಇಡುವವರು. ಅಳಿಯನ ಮಾತು ಬಂದರೆ ಮಾತ್ರ ಆ ಧರ್ಮವೆಲ್ಲ ಎಲ್ಲಿಗೆ ಹೋಗುತ್ತಿತ್ತೋ!

ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟ ದೊರೆಯೊಬ್ಬನಿಂದ ಕೊಂಡ ರೈಫಲ್ ಅದು. ಈಚಿನ ಎರಡು ಮಳೆಗಾಲ ಅಟ್ಟದಲ್ಲೇ ಕಳೆದಿತ್ತು. ತೊಳೆದು ಎಣ್ಣೆ ಹಾಕದೆ ಹಾರಿಸುವಂತಿರಲಿಲ್ಲ. ಖಲೀಲ್ ಬೆಳಿಗ್ಗೆಯೇ ನೀರು ಕುದಿಯಲು ಇಟ್ಟಿದ್ದ. ತಂತಿ ಬ್ರಶ್ಶು, ಹಳೆ ಬಟ್ಟೆಯ ಚಿಂದಿ ತಯಾರಿದ್ದವು. ಅಂಗಡಿ ತುಂಬ ಸೀಮೆಎಣ್ಣೆಯ ವಾಸನೆ. ತೆಂಗಿನೆಣ್ಣೆ ಒಣಗಿ ಅಂಟಾಗುತ್ತದೆ, ಸೀಮೆಎಣ್ಣೆ ಕೊಳೆ ತೆಗೆದರೂ ತುಕ್ಕು ತಡೆಯುವುದಿಲ್ಲ, ಕೊನೆಗೆ ಹೊಲಿಗೆ ಯಂತ್ರದ ಎಣ್ಣೆಯೇ ಗತಿ ಎಂದು ಅವನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಕೇಳಿದವರು ಕಡಿಮೆ. ಇವತ್ತಿನ ಕೆಲಸವಂತೂ ಅವನಿಗೆ ಸುತರಾಂ ಬೇಡವಾಗಿತ್ತು. ಆದರೆ ಅಂಗಡಿ ನಿಂತ ಜಾಗ ಧಣಿಗಳದ್ದು.

“ಯಾಕೆ ಮುಟ್ಟಬಾರದು?” ಎಂದು ಕೇಳಿದ.

“ಅದರಲ್ಲಿ ಹಂದಿ ನೆಣ ಉಂಟು.”

ಖಲೀಲ್ ಹೆಗಲ ಶಾಲನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಸರಿದ. ಧಣಿಗಳು ಎದ್ದು ಎರಡು ಮಾರು ದೂರ ಹೋಗಿ ನಿಂತರು. ಪುಷ್ಯದ ಚಳಿಗೆ ಬೆಳ್ಳಗೆ ಗಟ್ಟಿಯಾದ ಜಿಡ್ಡು ನಳಿಗೆಯ ಬಾಯಿಯವರೆಗೂ ತುಂಬಿತ್ತು. ಬೋಲ್ಟಿನ ಸಂದಿಯಲ್ಲೂ ಅದೇ. ಕೆನ್ನೆ ತಾಗುವ ಮರದ ಭಾಗವೂ ಅದರಿಂದ ಹೊಳೆಯುತ್ತಿತ್ತು.

“ನಿನಗೆ ತಲೆ ಸರಿ ಉಂಟಾ?” ಧಣಿಗಳು ಕೂಗಿದರು.

“ತುಕ್ಕು ಹಿಡಿದರೆ ಬೈಯುವುದು ನೀವೇ ಅಲ್ವಾ ಧಣಿಗಳೇ? ಕನ್ಯಾನದ ನಮ್ಮ ಮಾವ ಬೇಟೆಗೆ ಹೋಗುವವರು. ಇದಕ್ಕಿಂತ ಒಳ್ಳೆದು ಬೇರೆ ಇಲ್ಲ ಅಂತ ಹೇಳಿದ್ರು. ತುಕ್ಕು ಬಿಡ್ಲಿ ಅಂತ ಮೊನ್ನೆ ತುಂಬಿಸಿದೆ. ಈಗ ಸಾಹೇಬ್ರು ಕೈ ಹಾಕುವಾಗ ಸುಮ್ಮನೆ ನೋಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

“ನೀನೇ ತೆಗಿ. ಈಗಲೇ ಒರೆಸು!”

“ಒರೆಸಿದರೆ ಹೋಗುವುದಿಲ್ಲ ಧಣಿಗಳೇ,” ಎಂದ ಖಲೀಲ್ ಶಾಲಿನೊಳಗಿನಿಂದ. “ನಾಡಕೋವಿ ಆದರೆ ಒಳಗೆ ನುಣ್ಣಗೆ ಇರ್ತದೆ. ರೈಫಲಿನ ಒಳಗೆ ಸುರುಳಿ ಗೀರು ಉಂಟು. ಅದರಲ್ಲಿ ಕೂತದ್ದು ನನ್ನ ಬ್ರಶ್ಶಿಗೇ ಬರಬೇಕು. ಆ ಬ್ರಶ್ಶು ನಾನು ಇದಕ್ಕೆ ಕೊಡುವುದಿಲ್ಲ. ಹೀಗೇ ಹಾರಿಸಿದರೆ ನಳಿಗೆ ಒಡೆದು ನಿಮ್ಮ ಮುಖಕ್ಕೇ ಬರ್ತದೆ.”

“ಮಂಗಳೂರಿನಲ್ಲಿ ಬೇರೆ ಯಾರೂ ಇಲ್ವಾ?”

“ಇದ್ದಾನೆ. ನನ್ನ ಭಾವ. ಅವನು ಮುಟ್ತಾನಾ, ಕೇಳಿ ನೋಡಿ.”

ಧಣಿಗಳ ಮುಖ ಕಪ್ಪಿಟ್ಟಿತು. ಅಳಿಯನ ನೆತ್ತರಿಗೆ ಹೇಸದ ಮನುಷ್ಯ ಆ ಬಿಳಿ ಜಿಡ್ಡಿಗೆ ಹೇಸಿದರು.

“ಇನ್ನು ನನ್ನ ಅಂಗಳಕ್ಕೆ ಕಾಲಿಡಬೇಡ,” ಎಂದರು ಲೋಕಯ್ಯನಿಗೆ. “ಗೇಣಿ ಗದ್ದೆಯನ್ನೂ ಬಿಟ್ಟು ಹೋಗು. ಆ ರೈಫಲನ್ನು ಎಲ್ಲಿಗಾದರೂ ತೆಗೆದುಕೊಂಡು ಹೋಗಿ ಸಾಯಿ.”

ಲೋಕಯ್ಯ ರೈಫಲನ್ನು ಬರಿಗೈಯಲ್ಲೇ ಎತ್ತಿ ಗೋಣಿಯಲ್ಲಿ ಸುತ್ತಿದ. ನಾಲ್ಕು ಮಕ್ಕಳ ತಂದೆ. ಆದರೂ ಕ್ಷಮೆ ಕೇಳಲಿಲ್ಲ, ಗೋಗರೆಯಲಿಲ್ಲ. ಅವನು ರಸ್ತೆ ದಾಟುವುದನ್ನು ನೋಡಿ ಖಲೀಲನಿಗೆ ಸಂಕಟವಾಯಿತು. ಒಲೆಯ ಬೆಂಕಿ ಆರಿಸುವಾಗ ಮಾತ್ರ ಎದೆ ಹಗುರವಾಗಿತ್ತು.

ಮನೆಗೆ ಬಂದ ಧಣಿಗಳು ಬಾವಿಕಟ್ಟೆಯಲ್ಲಿ ನಿಂತು, ಉಟ್ಟ ಬಟ್ಟೆಯ ಮೇಲೆಯೇ ಕೊಡಗಟ್ಟಲೆ ನೀರು ಸುರಿದುಕೊಂಡರು. ತಂಗಿ ಪುಷ್ಪಾವತಿ ಬಾಗಿಲಲ್ಲಿ ನಿಂತು ನೋಡಿದಳು. ಭರತರಾಜನ ತಾಯಿ ಅವಳು. ಮಗ ಬೇರೆ ಮನೆ ಮಾಡಿದಾಗಲೂ ಅಣ್ಣನನ್ನು ಬಿಟ್ಟು ಹೋದವಳಲ್ಲ. ಒಂದು ವಾರದಿಂದ ಅವಳಿಗೆ ನಿದ್ದೆಯಿರಲಿಲ್ಲ. ಅಣ್ಣನ ಕಾಲು ಹಿಡಿದಿದ್ದಳು, ಮಗನ ಕಾಲನ್ನೂ ಹಿಡಿದಿದ್ದಳು. ಇಬ್ಬರೂ ಕೇಳಿರಲಿಲ್ಲ.

“ನೀನೂ ಸ್ನಾನ ಮಾಡು,” ಎಂದರು ಧಣಿಗಳು. “ಬೆಳಿಗ್ಗೆ ಅದನ್ನು ಅಟ್ಟದಿಂದ ಇಳಿಸಿಕೊಟ್ಟದ್ದು ನೀನೇ ಅಲ್ವಾ? ಆ ಮೂರ್ಖ ಹಂದಿ ನೆಣ ತುಂಬಿಸಿ ಇಟ್ಟಿದ್ದ.”

“ಹೌದಾ ಅಣ್ಣ?” ಎಂದು ಅವಳು ಒಳಗೆ ಹೋದಳು. ಹೋದದ್ದು ಬಚ್ಚಲಿಗಲ್ಲ, ಅಡಿಗೆಮನೆಗೆ.

ಮರುದಿನ ಭರತರಾಜ ಹದಿನೈದು ಆಳುಗಳೊಂದಿಗೆ ಗದ್ದೆಗೆ ಇಳಿದ. ಧಣಿಗಳು ಬದುವಿನ ಮೇಲೆ ಬರಿಗೈಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಬೈದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಗದ್ದೆ ಕೊಯ್ದಾಗಿತ್ತು. ಬೈಗುಳವೂ ಮುಗಿದಿತ್ತು. ಬಿಸಿಲಿಗೆ ಅವರು ಬದುವಿನ ಮೇಲೆಯೇ ಕುಸಿದು ಕೂತರು. ಭರತರಾಜ ಕತ್ತಿ ಕೆಳಗಿಟ್ಟು ಬಂದ.

“ಮನೆಗೆ ಹೋಗುವ ಮಾವ,” ಎಂದು ತೋಳು ಹಿಡಿದ. ಅವರು ಕೊಡವಿಕೊಳ್ಳಲಿಲ್ಲ. ಹಿಡಿದ ಕೈಯನ್ನು ನೋಡಿದರು, ಐದು ತೋಟೆಗಳು ನೆನಪಾದವು.

ಮನೆಯ ಜಗಲಿಯವರೆಗೆ ಬಿಟ್ಟು ಅವನು ಗದ್ದೆಗೆ ಮರಳಿದ. ಧಣಿಗಳು ಊಟಕ್ಕೆ ಕುಳಿತರು. ಪುಷ್ಪಾವತಿ ಅನ್ನ ಬಡಿಸಿದಳು, ತೊವ್ವೆ ಬಡಿಸಿದಳು, ಬದಿಗೆ ಸರಿದು ನಿಂತಳು. ಅವರು ಕೈ ತಡೆದು ಕಾದರು.

“ತುಪ್ಪ ಎಲ್ಲಿ?”

“ಮುಗಿಯಿತು ಅಣ್ಣ. ಭರಣಿಯಲ್ಲಿ ಇದ್ದದ್ದನ್ನೆಲ್ಲ ನಾನೇ ನಿಮ್ಮ ರೈಫಲಿಗೆ ತುಂಬಿಸಿದೆ. ಲೋಕಯ್ಯ ಹೇಳಿದ್ದು ಹಂದಿಯ ಹೆಸರು ಮಾತ್ರ.”